ಗೆರೆ ಮರಿ ಹಾಕಿದ ಊರು: ಬೆಲ್‌ಫಾಸ್ಟ್, 1921ರಿಂದ ಇಲ್ಲಿಯವರೆಗೆ

ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್ ನಗರದ ಪಶ್ಚಿಮಕ್ಕೆ ಬಾಂಬೆ ಸ್ಟ್ರೀಟ್ ಅಂತ ಒಂದು ಬೀದಿ ಇದೆ. ಪಕ್ಕದಲ್ಲೇ ಕಾಶ್ಮೀರ್ ರೋಡ್. ಅಲ್ಲೇ ಸುತ್ತಮುತ್ತ ಲಕ್ನೋ, ಕಾನ್ಪುರದ ಹೆಸರು ಹೊತ್ತ ಬೀದಿಗಳೂ ಇವೆ. ಬ್ರಿಟಿಷರ ಸಾಮ್ರಾಜ್ಯ ಮೆರೆಯುತ್ತಿದ್ದ ಕಾಲದಲ್ಲಿ ಗಿರಣಿ ಕೆಲಸದವರಿಗೆ ಸಾಲುಮನೆ ಕಟ್ಟಿದರು. ಆ ಸಾಮ್ರಾಜ್ಯದ ಊರುಗಳ ಹೆಸರನ್ನೇ ಬೀದಿಗಳಿಗೆ ಇಟ್ಟರು. ಕೆಂಪು ಇಟ್ಟಿಗೆಯ ಸಣ್ಣ ಸಣ್ಣ ಮನೆಗಳು.

ಬಾಂಬೆ ಸ್ಟ್ರೀಟ್‌ನ ಮನೆಗಳಿಗೆ ಹಿತ್ತಿಲಿದೆ. ಆದರೆ ಹಿತ್ತಿಲಲ್ಲಿ ನಿಂತು ತಲೆ ಎತ್ತಿದರೆ ಕಬ್ಬಿಣದ ಜಾಲರಿ ಕಾಣುತ್ತದೆ, ಅದರ ಸಂದಿಯಲ್ಲಿ ಚೂರು ಚೂರು ಆಕಾಶ. ಕೋಳಿಗೂಡಿನ ಹಾಗೆ. ಬಟ್ಟೆ ಒಣಗಿಸೋದು ಅದರ ಕೆಳಗೇ. ಜಾಲರಿಯ ಆಚೆ ಒಂದು ಗೋಡೆ. ಕೆಳಗೆ ಕಾಂಕ್ರೀಟು, ಅದರ ಮೇಲೆ ಕಬ್ಬಿಣದ ತಗಡು, ಅದರ ಮೇಲೆ ಬಲೆ. ಮೂರು ಅಂತಸ್ತಿನ ಮನೆಗಿಂತ ಎತ್ತರ. ಅಷ್ಟೆತ್ತರದ ಗೋಡೆ ಇದ್ದರೂ ಆ ಕಡೆಯಿಂದ ಕಲ್ಲು, ಬಾಟಲಿ ಹಾರಿ ಬರುತ್ತಿದ್ದವು. ಅದಕ್ಕೇ ಈ ಜಾಲರಿ.

ಗೋಡೆಯ ಈ ಕಡೆ ಇರುವವರು ಕ್ಯಾಥೊಲಿಕರು. ಆ ಕಡೆ ಪ್ರಾಟೆಸ್ಟೆಂಟರು. ಇಬ್ಬರೂ ಕ್ರೈಸ್ತರೇ, ಇಬ್ಬರೂ ಬಿಳಿಯರೇ, ಆಡುವ ಮಾತೂ ಒಂದೇ ಇಂಗ್ಲಿಷು. ಹೊರಗಿನವರಿಗೆ ಯಾರು ಯಾವ ಕಡೆಯವರು ಅಂತ ನೋಡಿದರೆ ಗೊತ್ತಾಗೋದಿಲ್ಲ. ಧರ್ಮದ ಲೆಕ್ಕದಲ್ಲಿ ದೇಶ ಒಡೆದರೆ ಜನರ ದಿನನಿತ್ಯದ ಬದುಕಿಗೆ ಏನಾಗುತ್ತದೆ ಅಂತ ನೋಡೋದಕ್ಕೆ ಈ ಊರನ್ನು ಆರಿಸಿಕೊಂಡಿದ್ದೂ ಅದಕ್ಕೇ. 1947ರ ವಿಭಜನೆ ನಮಗೆ ಬಹಳ ಹತ್ತಿರದ್ದು. ಆ ಮಾತು ಎತ್ತಿದ ತಕ್ಷಣ ಪ್ರತಿಯೊಬ್ಬರೂ ಒಂದು ಪಕ್ಷ ಹಿಡಿದುಬಿಡುತ್ತೇವೆ. ಐರ್ಲೆಂಡಿನ ವಿಷಯದಲ್ಲಿ ನಮಗೆ ಯಾವ ಪಕ್ಷವೂ ಇಲ್ಲ. ಸುಮ್ನೆ ನೋಡಬಹುದು.

ಗೆರೆ ಹೇಗೆ ಬಿತ್ತು

ಮೊದಲೇ ಒಂದು ಮಾತು. ಇಲ್ಲಿ ಜಗಳ ದೇವರ ಬಗ್ಗೆ ಅಲ್ಲ. ಪೋಪ್ ದೊಡ್ಡವನೋ ಬೈಬಲ್ ದೊಡ್ಡದೋ ಅಂತ ಯಾರೂ ಬೀದಿಗಿಳಿದು ಹೊಡೆದಾಡಿಲ್ಲ. 1609ರಿಂದ ಐರ್ಲೆಂಡಿನ ಉತ್ತರದ ಅಲ್‌ಸ್ಟರ್ ಪ್ರಾಂತ್ಯಕ್ಕೆ ಸ್ಕಾಟ್ಲೆಂಡ್, ಇಂಗ್ಲೆಂಡ್‌ಗಳಿಂದ ಪ್ರಾಟೆಸ್ಟೆಂಟರನ್ನು ಕರೆತಂದು ಜಮೀನು ಕೊಟ್ಟು ಕೂರಿಸಿದರು. ಆ ಜಮೀನು ಅಲ್ಲಿಯವರೆಗೆ ಕ್ಯಾಥೊಲಿಕ್ ಐರಿಷರ ಕೈಯಲ್ಲಿತ್ತು. ಅಂದಿನಿಂದ ಧರ್ಮ ಅನ್ನೋದು ಅಲ್ಲಿ 'ನೀನು ಯಾರ ಪೈಕಿ' ಅನ್ನೋದರ ಗುರುತು. ಬಂದವರ ಪೈಕಿಯೋ, ಕಳೆದುಕೊಂಡವರ ಪೈಕಿಯೋ?

ಹತ್ತೊಂಬತ್ತನೇ ಶತಮಾನದ ಕೊನೆಗೆ ಐರ್ಲೆಂಡಿಗೆ ಸ್ವಂತ ಆಡಳಿತ ಬೇಕು ಎಂಬ ಕೂಗು ಎದ್ದಿತು. ಇಡೀ ದ್ವೀಪದಲ್ಲಿ ಕ್ಯಾಥೊಲಿಕರೇ ಜಾಸ್ತಿ. ಉತ್ತರದ ಪ್ರಾಟೆಸ್ಟೆಂಟರಿಗೆ ಹೆದರಿಕೆ ಶುರುವಾಯಿತು. 'ಹೋಮ್ ರೂಲ್ ಅಂದರೆ ರೋಮ್ ರೂಲ್' ಎಂಬುದು ಅವರ ಘೋಷಣೆ. ಪೋಪನ ಆಳ್ವಿಕೆ ಬರುತ್ತದೆ ಅಂತ. 1912ರಲ್ಲಿ ಸುಮಾರು 4.7 ಲಕ್ಷ ಜನ, ಗಂಡಸರು ಹೆಂಗಸರು ಸೇರಿ, ಇದನ್ನು ವಿರೋಧಿಸುವ ಪ್ರತಿಜ್ಞೆಗೆ ಸಹಿ ಹಾಕಿದರು.

ಬ್ರಿಟನ್ ಕೊನೆಗೆ ಕಂಡುಕೊಂಡ ದಾರಿ ಇಬ್ಭಾಗ. 1920ರ ಕಾಯ್ದೆ, 1921ರ ಮೇ 3ರಿಂದ ಜಾರಿ. ಅಲ್‌ಸ್ಟರ್‌ನಲ್ಲಿ ಇದ್ದದ್ದು ಒಂಬತ್ತು ಜಿಲ್ಲೆ. ಒಂಬತ್ತನ್ನೂ ಉತ್ತರಕ್ಕೆ ಸೇರಿಸಿದರೆ ಪ್ರಾಟೆಸ್ಟೆಂಟರು ನೂರಕ್ಕೆ 56ರಷ್ಟು ಮಾತ್ರ. ಇಂದಲ್ಲ ನಾಳೆ ಬಹುಮತ ಕೈತಪ್ಪಬಹುದು. ಆರು ಜಿಲ್ಲೆ ಮಾತ್ರ ಇಟ್ಟುಕೊಂಡರೆ ಮೂರರಲ್ಲಿ ಎರಡು ಪಾಲು ಪ್ರಾಟೆಸ್ಟೆಂಟರು. ಇದು ಭದ್ರ. ಹಾಗಾಗಿ ಡೋನೆಗಾಲ್, ಕ್ಯಾವನ್, ಮೋನಘನ್ ಜಿಲ್ಲೆಗಳನ್ನು ಕೈಬಿಟ್ಟರು. 1912ರಲ್ಲಿ ಇವರ ಜೊತೆ ನಿಂತು ಸಹಿ ಹಾಕಿದ್ದ ಆ ಮೂರು ಜಿಲ್ಲೆಗಳ ಪ್ರಾಟೆಸ್ಟೆಂಟರನ್ನೂ ಕೈಬಿಟ್ಟರು. ಇನ್ನೊಂದು ಕಡೆ ಫರ್ಮಾನಾ, ಟಿರೋನ್ ಎಂಬ ಎರಡು ಜಿಲ್ಲೆಗಳಲ್ಲಿ ಕ್ಯಾಥೊಲಿಕರೇ ಹೆಚ್ಚು. ಆ ಎರಡನ್ನು ಮಾತ್ರ ಉತ್ತರಕ್ಕೇ ಸೇರಿಸಿಕೊಂಡರು. ಅವಿಲ್ಲದಿದ್ದರೆ ಉಳಿಯೋದು ನಾಲ್ಕೇ ಜಿಲ್ಲೆ, ಅಷ್ಟಕ್ಕೆ ಒಂದು ರಾಜ್ಯ ಅನ್ನೋದು ಹೇಗೆ?

ಧರ್ಮದ ಪ್ರಕಾರ ಗೆರೆ ಎಳೆದರು ಅಂತ ಹೇಳುತ್ತೇವೆ. ಈ ಲೆಕ್ಕ ನೋಡಿದರೆ ಹಾಗನ್ನಿಸೋದಿಲ್ಲ. ಯಾರಿಗೆ ಎಷ್ಟು ಬಹುಮತ ಬೇಕು ಅಂತ ಮೊದಲು ತೀರ್ಮಾನ ಆಯಿತು. ಗೆರೆ ಆಮೇಲೆ ಬಂತು.

ಗಡಿ ಸರಿಪಡಿಸಲು ಒಂದು ಆಯೋಗವನ್ನೂ ಮಾಡಿದರು. ಅದರ ವರದಿ 1925ರಲ್ಲಿ ಪತ್ರಿಕೆಗೆ ಸೋರಿ ಗಲಾಟೆಯಾಯಿತು. ವರದಿಯನ್ನು ಮೂಲೆಗೆ ಸೇರಿಸಿ, ಇದ್ದ ಗಡಿಯನ್ನೇ ಖಾಯಂ ಮಾಡಿದರು. ಸುಮಾರು 500 ಕಿಲೋಮೀಟರ್ ಉದ್ದ, ಅಡ್ಡ ಹಾಯುವ ರಸ್ತೆಗಳೇ ಇನ್ನೂರಕ್ಕೂ ಹೆಚ್ಚು. ಪೆಟ್ಟಿಗೋ ಎಂಬ ಹಳ್ಳಿಯಲ್ಲಿ ನಡುವೆ ಹರಿಯುವ ಸಣ್ಣ ಹೊಳೆಯೇ ಗಡಿ.

ಇದರಿಂದ ಏನಾಯಿತು ನೋಡಿ. ದ್ವೀಪದ ಲೆಕ್ಕದಲ್ಲಿ ಬಹುಸಂಖ್ಯಾತರಾಗಿದ್ದ ಕ್ಯಾಥೊಲಿಕರು ಆರು ಜಿಲ್ಲೆಗಳೊಳಗೆ ಮೂರನೇ ಒಂದು ಪಾಲಿಗೆ ಇಳಿದರು. ಪ್ರಾಟೆಸ್ಟೆಂಟರು ಅಲ್ಲಿ ಬಹುಸಂಖ್ಯಾತರಾದರು, ಆದರೆ ಗಡಿಯಾಚೆ ನೋಡಿದರೆ ಇಡೀ ದ್ವೀಪದಲ್ಲಿ ಅವರೇ ಕಡಿಮೆ. ಹೀಗೆ ಒಂದೇ ಊರಿನಲ್ಲಿ ಇಬ್ಬರಿಗೂ ಅಲ್ಪಸಂಖ್ಯಾತರ ಭಯ. ಬಹುಮತ ಇದ್ದವರು ಅದನ್ನು ಹಿಡಿದುಕೊಂಡ ರೀತಿಯಲ್ಲೂ ಆ ಭಯವೇ ಕಾಣುತ್ತದೆ. ಅಲ್ಪಸಂಖ್ಯಾತರ ತೊಂದರೆ ತಪ್ಪಿಸೋದಕ್ಕೆ ಅಂತ ಗೆರೆ ಎಳೆದರು. ಗೆರೆಯ ಒಳಗೆ ಅದೇ ತೊಂದರೆ ಇನ್ನೂ ಸಣ್ಣ ಜಾಗದಲ್ಲಿ, ಇನ್ನೂ ಗಟ್ಟಿಯಾಗಿ ಹುಟ್ಟಿತು. ನನ್ನ ಪ್ರಕಾರ ಈ ಪ್ರಕರಣದ ತಿರುಳು ಇದು. ಗೆರೆ ಒಂದೇ ಇರೋದಿಲ್ಲ, ಮರಿ ಹಾಕುತ್ತದೆ.

ಗಡಿಯ ಆ ಕಡೆ

ಉತ್ತರ ಬ್ರಿಟನ್ ಜೊತೆಗೇ ಉಳಿಯಿತು, ದಕ್ಷಿಣ ಬೇರೆ ದೇಶವಾಯಿತು. ದಕ್ಷಿಣದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಅಲ್ಲಿ ಗೋಡೆ ಏಳಲಿಲ್ಲ. ಆದರೆ ಕ್ಯಾಥೊಲಿಕರೇ ತುಂಬಿದ ರಾಜ್ಯ ಚರ್ಚಿನ ಮಾತನ್ನೇ ಕಾನೂನಾಗಿ ಬರೆದುಕೊಂಡಿತು. 1937ರ ಸಂವಿಧಾನ ವಿಚ್ಛೇದನವನ್ನು ನಿಷೇಧಿಸಿತು. ಅದು ಹೋಗಿದ್ದು 1995ರ ಜನಮತಗಣನೆಯಲ್ಲಿ, ಅದೂ ಬರೀ 9 ಸಾವಿರ ಚಿಲ್ಲರೆ ಮತಗಳ ಅಂತರದಲ್ಲಿ. 'ರೋಮ್ ರೂಲ್' ಅಂತ ಹೆದರಿದವರಿಗೆ 'ನಾವು ಹೇಳಿರಲಿಲ್ವಾ' ಅನ್ನಲು ಇಷ್ಟು ಸಾಕಾಯಿತು.

1957ರಲ್ಲಿ ಫೆಥರ್ಡ್-ಆನ್-ಸೀ ಎಂಬ ಸಮುದ್ರ ದಡದ ಹಳ್ಳಿಯಲ್ಲಿ ಒಂದು ಪ್ರಸಂಗ ನಡೆಯಿತು. ಗಂಡ ಕ್ಯಾಥೊಲಿಕ್, ಹೆಂಡತಿ ಪ್ರಾಟೆಸ್ಟೆಂಟ್. ಮಕ್ಕಳು ಕ್ಯಾಥೊಲಿಕ್ ಶಾಲೆಗೇ ಹೋಗಬೇಕು ಅಂತ ಪಾದ್ರಿ ಪಟ್ಟು ಹಿಡಿದರು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟಳು. ಇದು ಒಂದು ಮನೆಯ ವಿಷಯ, ಅಲ್ವಾ? ಊರಿನವರು ಏನು ಮಾಡಿದರು ಅಂದರೆ, ಪ್ರಾಟೆಸ್ಟೆಂಟರ ಅಂಗಡಿಗಳಿಗೆ ಹೋಗೋದನ್ನೇ ನಿಲ್ಲಿಸಿದರು. ಪ್ರಧಾನಿ ಡಿ ವಲೇರಾ ಸಂಸತ್ತಿನಲ್ಲಿ ನಿಂತು ಈ ಬಹಿಷ್ಕಾರವನ್ನು ಖಂಡಿಸಬೇಕಾಯಿತು. ದಕ್ಷಿಣದಲ್ಲಿ 1911ರಲ್ಲಿ ನೂರಕ್ಕೆ ಹತ್ತರಷ್ಟಿದ್ದ ಪ್ರಾಟೆಸ್ಟೆಂಟರು 1926ಕ್ಕೇ ಏಳಕ್ಕೆ ಇಳಿದಿದ್ದರು. ಮುಂದೆ ಇನ್ನೂ ಕರಗಿದರು.

ವಾರ್ಡು, ಮನೆ, ಮತ

ಉತ್ತರಕ್ಕೆ ಬರೋಣ. 1921ರಿಂದ 1972ರವರೆಗೆ, ಸುಮಾರು ಐವತ್ತು ವರ್ಷ, ಅಲ್ಲಿ ಒಂದೇ ಪಕ್ಷದ ಸರ್ಕಾರ. ಅದು ಪ್ರಾಟೆಸ್ಟೆಂಟರ ಯೂನಿಯನಿಸ್ಟ್ ಪಕ್ಷ, ಬ್ರಿಟನ್ ಜೊತೆಗೇ ಇರಬೇಕು ಅನ್ನುವವರದ್ದು. ನಮ್ಮದು ಪ್ರಾಟೆಸ್ಟೆಂಟ್ ಸಂಸತ್ತು, ಪ್ರಾಟೆಸ್ಟೆಂಟ್ ರಾಜ್ಯ ಅಂತ ಮೊದಲ ಪ್ರಧಾನಿ ಜೇಮ್ಸ್ ಕ್ರೇಗ್ 1934ರಲ್ಲಿ ಸದನದಲ್ಲೇ ಹೇಳಿದ್ದರು.

ಇದು ನೆಲದ ಮೇಲೆ ಹೇಗೆ ಕೆಲಸ ಮಾಡುತ್ತಿತ್ತು ಅಂತ ತಿಳಿಯಲು ಡೆರ್ರಿ ಪಟ್ಟಣದ ವಾರ್ಡುಗಳನ್ನು ನೋಡಬೇಕು. ಪಟ್ಟಣದಲ್ಲಿ ಕ್ಯಾಥೊಲಿಕರೇ ಹೆಚ್ಚು. 1967ರ ಲೆಕ್ಕದಲ್ಲಿ ಕ್ಯಾಥೊಲಿಕ್ ಮತದಾರರು 14,429, ಉಳಿದವರು 8,781. ಪುರಸಭೆಗೆ ಒಟ್ಟು 20 ಸ್ಥಾನ. ಗೆದ್ದವರಲ್ಲಿ ಯೂನಿಯನಿಸ್ಟರು 12, ಎದುರಿನವರು 8! ಹೇಗೆ? ಮೂರು ವಾರ್ಡು ಮಾಡಿದ್ದರು. ದಕ್ಷಿಣ ವಾರ್ಡಿಗೆ 10 ಸಾವಿರಕ್ಕೂ ಹೆಚ್ಚು ಕ್ಯಾಥೊಲಿಕ್ ಮತಗಳನ್ನು ತುಂಬಿ 8 ಸ್ಥಾನ ಕೊಟ್ಟರು. ಇನ್ನೆರಡು ವಾರ್ಡುಗಳಲ್ಲಿ ಒಂದೂವರೆ ಸಾವಿರದ ಆಸುಪಾಸು, ಹೆಚ್ಚೆಂದರೆ ಎರಡು ಸಾವಿರದ ಅಂತರದಲ್ಲಿ ಉಳಿದ 12 ಸ್ಥಾನ ಹೊಡೆದರು. ಅಂಕಗಣಿತದ ಚಮತ್ಕಾರ, ಅಷ್ಟೇ. ಲಾಠಿ ಬೇಕಿರಲಿಲ್ಲ.

ಜೊತೆಗೆ ಇನ್ನೊಂದು ನಿಯಮ. ಸ್ಥಳೀಯ ಚುನಾವಣೆಯಲ್ಲಿ ಎಲ್ಲ ವಯಸ್ಕರಿಗೂ ಮತ ಇರಲಿಲ್ಲ. ಮನೆ ಹೆಸರಿನಲ್ಲಿ ಕಂದಾಯ ಕಟ್ಟುವವನಿಗೆ ಮತ್ತು ಅವನ ಹೆಂಡತಿಗೆ ಮಾತ್ರ. ಹಾಗಾಗಿ ಒಂದು ಸರ್ಕಾರಿ ಮನೆ ಕೊಟ್ಟರೆ ಎರಡು ಮತ ಕೊಟ್ಟ ಹಾಗೆ. ಯಾರಿಗೆ ಮನೆ ಕೊಡಬೇಕು, ಯಾವ ವಾರ್ಡಿನಲ್ಲಿ ಕಟ್ಟಬೇಕು ಎಂಬುದೆಲ್ಲ ಮತದ ಲೆಕ್ಕ. ಕ್ಯಾಥೊಲಿಕ್ ಸಂಸಾರಗಳು ಒಂದೊಂದು ಕೋಣೆಯಲ್ಲಿ ತುಂಬಿಕೊಂಡಿದ್ದರೂ ಮನೆ ಸಿಗುತ್ತಿರಲಿಲ್ಲ. 1968ರ ಜೂನ್‌ನಲ್ಲಿ ಕ್ಯಾಲೆಡನ್ ಎಂಬ ಹಳ್ಳಿಯಲ್ಲಿ ಒಂದು ಹೊಸ ಸರ್ಕಾರಿ ಮನೆಯನ್ನು ಮದುವೆಯಾಗದ 19 ವರ್ಷದ ಪ್ರಾಟೆಸ್ಟೆಂಟ್ ಹುಡುಗಿಗೆ ಕೊಟ್ಟರು. ಅವಳು ಯೂನಿಯನಿಸ್ಟ್ ರಾಜಕಾರಣಿಯೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಪಕ್ಕದ ಮನೆಯಿಂದ ಮಕ್ಕಳಿದ್ದ ಕ್ಯಾಥೊಲಿಕ್ ಸಂಸಾರವನ್ನು ಆಗಷ್ಟೇ ಹೊರಹಾಕಿದ್ದರು. ಶಾಸಕ ಆಸ್ಟಿನ್ ಕರಿ ಹೋಗಿ ಆ ಮನೆಯೊಳಗೆ ಕೂತುಬಿಟ್ಟರು. ನಾಗರಿಕ ಹಕ್ಕುಗಳ ಚಳವಳಿಗೆ ಕಿಡಿ ಬಿದ್ದದ್ದು ಹೀಗೆ, ಒಂದು ಮನೆಯ ಬೀಗದ ಕೈ ವಿಷಯಕ್ಕೆ.

ಶಾಲೆಗಳ ಕಥೆ ಇನ್ನೊಂದು ಥರ. ಆ ಸರ್ಕಾರದ ಮೊದಲ ಶಿಕ್ಷಣ ಸಚಿವ ಲಾರ್ಡ್ ಲಂಡನ್‌ಡೆರ್ರಿ 1923ರಲ್ಲಿ ಒಂದು ಕಾಯ್ದೆ ತಂದರು. ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಓದಲಿ, ಶಾಲೆ ಯಾವ ಚರ್ಚಿನದ್ದೂ ಆಗದಿರಲಿ ಅಂತ. ಕ್ಯಾಥೊಲಿಕ್ ಬಿಷಪ್‌ಗಳು ಒಲ್ಲೆ ಅಂದರು. ಪ್ರಾಟೆಸ್ಟೆಂಟ್ ಪಾದ್ರಿಗಳೂ ಒಲ್ಲೆ ಅಂದರು. ಬೇರೆ ಯಾವುದಕ್ಕೂ ಒಂದಾಗದವರು ಇದಕ್ಕೆ ಒಂದಾದರು. 1925, 1930ರ ತಿದ್ದುಪಡಿಗಳಲ್ಲಿ ಕಾಯ್ದೆಯ ಹಲ್ಲು ಕಿತ್ತರು. ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಹೊಟ್ಟೆ ಉರಿಸುವ ಭಾಗ ಇದು. ವಾರ್ಡಿನ ಗೆರೆಯನ್ನು ಮುಂದೆ ಅಳಿಸಿದರು. ಶಾಲೆಯ ಗೆರೆ ಇವತ್ತಿಗೂ ಅಳಿದಿಲ್ಲ.

ಆಗಸ್ಟ್ 15

1969ರ ಆಗಸ್ಟ್ 15. ನಮಗೆ ಆ ತಾರೀಕು ಬೇರೆ ಕಾರಣಕ್ಕೆ ನೆನಪು. ಆ ದಿನ ಬೆಲ್‌ಫಾಸ್ಟ್‌ನಲ್ಲಿ ಪ್ರಾಟೆಸ್ಟೆಂಟ್ ಗುಂಪೊಂದು ಬಾಂಬೆ ಸ್ಟ್ರೀಟ್‌ಗೆ ಬೆಂಕಿ ಇಟ್ಟಿತು. ಬೀದಿಯ ಬಹುಪಾಲು ಮನೆಗಳು ಸುಟ್ಟುಹೋದವು. ಅಲ್ಲೇ ಗುಂಡೇಟಿಗೆ ಸತ್ತವನು 15 ವರ್ಷದ ಹುಡುಗ. ಆ ಬೇಸಿಗೆಯಲ್ಲಿ ನಗರದಲ್ಲಿ 1,800ಕ್ಕೂ ಹೆಚ್ಚು ಸಂಸಾರಗಳು ಮನೆ ಬಿಟ್ಟವು. ಹೆಚ್ಚಿನವು ಕ್ಯಾಥೊಲಿಕರದು, ಮುನ್ನೂರರಷ್ಟು ಪ್ರಾಟೆಸ್ಟೆಂಟರದು.

ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಸೈನ್ಯ ಎರಡು ಕಡೆಯವರ ನಡುವೆ ಮುಳ್ಳುತಂತಿ, ತಗಡಿನ ಬೇಲಿ ಹಾಕಿತು. ಇದು ತೀರಾ ತಾತ್ಕಾಲಿಕ, ಈ ಊರಿನಲ್ಲಿ ಬರ್ಲಿನ್ ಗೋಡೆ ಥರದ್ದೇನೂ ಇರೋದಿಲ್ಲ ಅಂತ ಅಲ್ಲಿದ್ದ ಸೈನ್ಯದ ಮುಖ್ಯಸ್ಥ ಜನರಲ್ ಫ್ರೀಲ್ಯಾಂಡ್ ಹೇಳಿದರು. ಬರ್ಲಿನ್ ಗೋಡೆ 28 ವರ್ಷಕ್ಕೆ ಬಿತ್ತು. ಈ ಬೇಲಿ ಕಾಂಕ್ರೀಟಾಗಿ, ತಗಡಾಗಿ, ಬಲೆಯಾಗಿ ಮೇಲಕ್ಕೆ ಬೆಳೆಯುತ್ತಾ ಅರ್ಧ ಶತಮಾನ ದಾಟಿತು.

ಎರಡು ವರ್ಷದ ನಂತರ, 1971ರ ಆಗಸ್ಟ್. ಉತ್ತರ ಬೆಲ್‌ಫಾಸ್ಟ್‌ನ ಆರ್ಡೋಯ್ನ್ ಪಕ್ಕದ ಫ್ಯಾರಿಂಗ್ಡನ್ ಗಾರ್ಡನ್ಸ್ ಎಂಬ ಬೀದಿಯಲ್ಲೂ ಸುತ್ತಲಿನ ಬೀದಿಗಳಲ್ಲೂ ಪ್ರಾಟೆಸ್ಟೆಂಟರು ವಾಸವಿದ್ದರು. ಗಲಭೆ ಜೋರಾದಾಗ ಅವರು ಸಾಮಾನು ಲಾರಿಗೆ ಹೇರಿದರು. ಹೊರಡುವ ಮುನ್ನ ತಾವು ಬಿಟ್ಟು ಹೋಗುತ್ತಿದ್ದ ಮನೆಗಳಿಗೆ ತಾವೇ ಬೆಂಕಿ ಹಚ್ಚಿದರು. ಸುಮಾರು 200 ಮನೆ. ನಮಗಿಲ್ಲದಿದ್ದರೆ ಪರವಾಗಿಲ್ಲ, ಅವರು ಮಾತ್ರ ಬಂದು ಸೇರಿಕೊಳ್ಳಬಾರದು. ಯಾವ ಮನೆಯಲ್ಲಿ ಮಕ್ಕಳನ್ನು ಬೆಳೆಸಿದರೋ ಅದೇ ಮನೆ. ಈ ಒಂದು ದೃಶ್ಯದ ಮುಂದೆ ಎಷ್ಟೋ ವರದಿಗಳು ಸಪ್ಪೆ.

1969ರಿಂದ 1973ರ ನಡುವೆ ಬೆಲ್‌ಫಾಸ್ಟ್ ಪ್ರದೇಶದಲ್ಲಿ ಹೀಗೆ ಜಾಗ ಬದಲಿಸಿದವರು 30ರಿಂದ 60 ಸಾವಿರ ಅಂತ ಅಂದಾಜು. ಅಲ್ಲಿಯವರೆಗೆ ಬೆರೆತು ಬಾಳುತ್ತಿದ್ದ ಬೀದಿಗಳು ಒಂದೊಂದಾಗಿ ಒಂದೇ ಬಣ್ಣಕ್ಕೆ ತಿರುಗಿದವು. ಬಣ್ಣ ಅಂದರೆ ನಿಜವಾಗಿಯೂ ಬಣ್ಣ. ರಸ್ತೆ ಅಂಚಿನ ಕಲ್ಲುಗಳಿಗೆ ಪ್ರಾಟೆಸ್ಟೆಂಟ್ ಬೀದಿಯಲ್ಲಿ ಕೆಂಪು-ಬಿಳಿ-ನೀಲಿ, ಕ್ಯಾಥೊಲಿಕ್ ಬೀದಿಯಲ್ಲಿ ಹಸಿರು-ಬಿಳಿ-ಕಿತ್ತಳೆ.

ಆಮೇಲಿನ ಮೂವತ್ತು ವರ್ಷದ ರಕ್ತಪಾತವನ್ನು ಇಲ್ಲಿ ವಿವರಿಸೋದಿಲ್ಲ. 15 ಲಕ್ಷ ಚಿಲ್ಲರೆ ಜನರಿದ್ದ ಜಾಗದಲ್ಲಿ 3,500ಕ್ಕೂ ಹೆಚ್ಚು ಸಾವು. ಕೊಂದವರ ಲೆಕ್ಕ ಹಾಕಿದರೆ, ಐರ್ಲೆಂಡ್ ಒಂದಾಗಬೇಕು ಅಂತ ಬಂದೂಕು ಹಿಡಿದಿದ್ದ ಐಆರ್‌ಎ ಮತ್ತು ಅದರ ಕಡೆಯ ಗುಂಪುಗಳ ಪಾಲು ನೂರಕ್ಕೆ ಅರುವತ್ತರ ಹತ್ತಿರ, ಪ್ರಾಟೆಸ್ಟೆಂಟ್ ಬಂದೂಕು ಗುಂಪುಗಳದ್ದು ಮೂವತ್ತರ ಹತ್ತಿರ, ಉಳಿದದ್ದು ಸೈನ್ಯ-ಪೊಲೀಸರದು. ಯಾರ ಕೈಯೂ ಶುದ್ಧವಿಲ್ಲ.

'ಯಾವ ಶಾಲೆಯಲ್ಲಿ ಓದಿದ್ದು?'

ನೋಡಲು ಒಂದೇ ಥರ ಇರುವ ಜನ ಪರಸ್ಪರ ಹೇಗೆ ಗುರುತು ಹಿಡಿಯುತ್ತಾರೆ? ನಮ್ಮ ಓದುಗರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ರೈಲಿನಲ್ಲಿ ಎದುರು ಕೂತವರು ಊರು ಕೇಳಿ, ಮನೆ ಹೆಸರು ಕೇಳಿ, 'ಓ, ನೀವು ನಮ್ಮ ಕಡೆಯವರೇ' ಅನ್ನುತ್ತಾರಲ್ಲ, ಅದೇ. ಅಲ್ಲಿ ಹೆಸರು ಸಾಕು. ಶೇಮಸ್ ಅಂದರೆ ಒಂದು ಕಡೆ, ವಿಲಿಯಂ ಅಂದರೆ ಇನ್ನೊಂದು ಕಡೆ. ಶಾಲೆ ಯಾವುದು ಅಂತ ಕೇಳಿದರೆ ಉಳಿದದ್ದೂ ಬಯಲು. ಆಟ ಯಾವುದು? ಗೇಲಿಕ್ ಫುಟ್ಬಾಲಾ, ರಗ್ಬಿಯಾ? ಡೆರ್ರಿ ಅನ್ನುತ್ತೀಯೋ, ಲಂಡನ್‌ಡೆರ್ರಿ ಅನ್ನುತ್ತೀಯೋ? ಪಟ್ಟಣದ ಹೆಸರು ಬಾಯಿಂದ ಬಂದ ತಕ್ಷಣ ಪಕ್ಷ ಗೊತ್ತಾಗುತ್ತದೆ. ಇಂಗ್ಲಿಷಿನ ಎಂಟನೇ ಅಕ್ಷರವನ್ನು 'ಹೇಚ್' ಅಂದರೆ ಕ್ಯಾಥೊಲಿಕ್, 'ಏಚ್' ಅಂದರೆ ಪ್ರಾಟೆಸ್ಟೆಂಟ್ ಎಂಬ ನಂಬಿಕೆಯೂ ಇದೆ. ನಮ್ಮ ಪತ್ರಿಕೆಗಳಲ್ಲಿ ಎಚ್ಚೂ ಓಡುತ್ತದೆ, ಹೆಚ್ಚೂ ಓಡುತ್ತದೆ, ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಅಲ್ಲಿ ಅದೊಂದು ಉಸಿರಿನ ಮೇಲೆ ಬೀದಿಯಲ್ಲಿ ಒಬ್ಬನ ಗತಿ ನಿಂತಿದ್ದ ಕಾಲವೂ ಇತ್ತು.

ಅಲ್ಲಿನವರೇ ಹೇಳಿಕೊಂಡು ನಗುವ ಹಳೇ ಜೋಕು ಒಂದಿದೆ. ನಾನು ಹಿಂದೂ ಅನ್ನುತ್ತಾನೆ ಒಬ್ಬ. ಎದುರಿನವನು ಕೇಳುತ್ತಾನೆ: 'ಅದು ಸರಿ, ಪ್ರಾಟೆಸ್ಟೆಂಟ್ ಹಿಂದೂನೋ, ಕ್ಯಾಥೊಲಿಕ್ ಹಿಂದೂನೋ?'

ಇಷ್ಟೆಲ್ಲ 1921ರ ಗೆರೆಯಿಂದಲೇ ಆಯಿತು ಅಂದರೆ ತಪ್ಪಾಗುತ್ತದೆ. ನನ್ನ ವಾದಕ್ಕೇ ಅಡ್ಡ ಬರುವ ಒಂದು ಸಾಕ್ಷಿ ಬೆಲ್‌ಫಾಸ್ಟ್ ನಗರ ಸ್ಮಶಾನದಲ್ಲಿದೆ. ಅದು ಶುರುವಾದದ್ದು 1869ರಲ್ಲಿ, ವಿಭಜನೆಗೆ ಐವತ್ತು ವರ್ಷ ಮುಂಚೆ. ಅಲ್ಲಿ ನೆಲದೊಳಗೆ ಒಂಬತ್ತು ಅಡಿ ಆಳದ ಗೋಡೆ ಕಟ್ಟಿದ್ದಾರೆ. ಮೇಲೆ ನಿಂತರೆ ಕಾಣೋದಿಲ್ಲ, ಬರೀ ಹುಲ್ಲು. ಕ್ಯಾಥೊಲಿಕ್ ಹೆಣ ಒಂದು ಕಡೆ, ಪ್ರಾಟೆಸ್ಟೆಂಟ್ ಹೆಣ ಇನ್ನೊಂದು ಕಡೆ ಇರಲಿ ಅಂತ. 1920ರ ಜುಲೈನಲ್ಲಿ, ಗೆರೆ ಬೀಳುವ ಮುಂಚೆಯೇ, ಹಡಗು ಕಟ್ಟೆಗಳಿಂದ ಕ್ಯಾಥೊಲಿಕ್ ಕೆಲಸಗಾರರನ್ನು ಸಾವಿರಗಟ್ಟಲೆ ಹೊಡೆದು ಓಡಿಸಿದ್ದರು. ಅವರ ಪರ ನಿಂತ ಪ್ರಾಟೆಸ್ಟೆಂಟರನ್ನೂ ಬಿಡಲಿಲ್ಲ.

ಹಗೆ ಹಳೆಯದು, ಒಪ್ಪೋಣ. ಆದರೆ ಹಳೇ ಹಗೆಗೆ ವಾರ್ಡು ಕೊಟ್ಟದ್ದು, ಪೊಲೀಸು ಕೊಟ್ಟದ್ದು, ಮನೆ ಹಂಚುವ ಅಧಿಕಾರ ಕೊಟ್ಟದ್ದು, ಒಂದು ಸರ್ಕಾರವನ್ನೇ ಕೊಟ್ಟದ್ದು ವಿಭಜನೆ. ಬೀದಿ ಜಗಳ ಅಲ್ಲಿಂದ ಮುಂದೆ ಕಡತದ ಜಗಳವಾಯಿತು. ಕಡತಕ್ಕೆ ಸೇರಿದ್ದು ಅಷ್ಟು ಸುಲಭವಾಗಿ ಹೋಗೋದಿಲ್ಲ.

ಒಪ್ಪಂದದ ನಂತರ

1998ರ ಏಪ್ರಿಲ್ 10ರಂದು, ಗುಡ್ ಫ್ರೈಡೇ ದಿನ, ಎರಡೂ ಕಡೆಯವರ ನಡುವೆ ಶಾಂತಿ ಒಪ್ಪಂದ ಆಯಿತು. ಜನಮತಗಣನೆಯಲ್ಲಿ ನೂರಕ್ಕೆ 71 ಜನ ಒಪ್ಪಿದರು. ಬಂದೂಕು ಹೆಚ್ಚುಕಡಿಮೆ ನಿಂತಿತು. ಇದು ಸಣ್ಣ ಮಾತಲ್ಲ. ಉತ್ತರದಲ್ಲಿ ಹುಟ್ಟಿದವರು ಬ್ರಿಟಿಷರಾಗಿ, ಐರಿಷರಾಗಿ, ಅಥವಾ ಎರಡೂ ಆಗಿ ಇರಬಹುದು ಎಂಬ ಕಲಂ ನನಗೆ ಬಹಳ ಇಷ್ಟ. ಪೊಲೀಸ್ ಪಡೆಯನ್ನು 2001ರಲ್ಲಿ ಹೊಸದಾಗಿ ಕಟ್ಟಿದರು. ಹತ್ತು ವರ್ಷ ಕಾಲ ಅರ್ಧಕ್ಕರ್ಧ ಕ್ಯಾಥೊಲಿಕರನ್ನೇ ಸೇರಿಸಿಕೊಂಡರು. ಹಳೇ ಪಡೆಯಲ್ಲಿ ಅವರು ನೂರಕ್ಕೆ ಎಂಟರಷ್ಟಿದ್ದರು. ಹೊಸದರಲ್ಲಿ ಮೂರನೇ ಒಂದು ಪಾಲಿನ ಹತ್ತಿರ ಬಂದರು.

ಆದರೆ ತಾರತಮ್ಯ ಅಳಿಸಬೇಕು ಅಂದರೆ ಯಾರು ಯಾವ ಕಡೆಯವರು ಅಂತ ಎಣಿಸಬೇಕು. ಎಣಿಸಬೇಕಾದರೆ ಕೇಳಬೇಕು. 1989ರ ಕಾಯ್ದೆಯಿಂದ ಶುರುವಾದ ನಿಯಮದ ಪ್ರಕಾರ ಹತ್ತು ಜನರಿಗಿಂತ ಹೆಚ್ಚು ನೌಕರರಿರುವ ಮಾಲೀಕರು ಈ ಲೆಕ್ಕ ಇಡಬೇಕು. ಅರ್ಜಿ ಜೊತೆ ಒಂದು ಹಾಳೆ ಬರುತ್ತದೆ. ನೀವು ಧರ್ಮ ಪಾಲಿಸಿ ಬಿಡಿ, ಇಲ್ಲಿ ಹೆಚ್ಚಿನವರನ್ನು ಕ್ಯಾಥೊಲಿಕ್ ಇಲ್ಲವೇ ಪ್ರಾಟೆಸ್ಟೆಂಟ್ ಅಂತಲೇ ನೋಡುತ್ತಾರೆ ಅಂತ ಆ ಹಾಳೆಯೇ ಹೇಳುತ್ತದೆ. 'ಎರಡೂ ಅಲ್ಲ' ಎಂಬುದಕ್ಕೂ ಒಂದು ಚೌಕ ಇದೆ. ಆದರೆ ಯಾವ ಚೌಕಕ್ಕೂ ಗುರುತು ಹಾಕದಿದ್ದರೆ ನಿಮ್ಮ ಪ್ರಾಥಮಿಕ ಶಾಲೆ ನೋಡಿ ಮಾಲೀಕರೇ ತೀರ್ಮಾನ ಮಾಡಬಹುದು! ಇದನ್ನು ತಮಾಷೆ ಮಾಡೋದು ಸುಲಭ. ಕೆಲಸದ ಜಾಗಗಳು ಬೆರೆತದ್ದರಲ್ಲಿ ಈ ಕಾಯ್ದೆಯ ಪಾಲು ದೊಡ್ಡದು ಎಂಬುದೂ ನಿಜ. ಮದ್ದಿಗೂ ರೋಗದ ರುಚಿಯೇ ಹತ್ತಿಕೊಂಡಿದೆ, ಏನು ಮಾಡೋದು.

ವಿಧಾನಸಭೆಯಲ್ಲೂ ಅದೇ. ಗೆದ್ದ ಸದಸ್ಯರು ತಾವು ಯೂನಿಯನಿಸ್ಟೋ, ಐರ್ಲೆಂಡ್ ಒಂದಾಗಬೇಕು ಅನ್ನುವ ನ್ಯಾಷನಲಿಸ್ಟೋ, ಇತರರೋ ಅಂತ ಬರೆಸಬೇಕು. ಮುಖ್ಯ ತೀರ್ಮಾನಗಳಿಗೆ ಮೊದಲ ಎರಡೂ ಗುಂಪುಗಳ ಒಪ್ಪಿಗೆ ಬೇಕು. ಇತರರ ಮತಕ್ಕೆ ಅಷ್ಟು ತೂಕ ಇಲ್ಲ. ಒಂದು ಕಡೆಯವರು ಎದ್ದು ಹೋದರೆ ಸರ್ಕಾರವೇ ಇಲ್ಲ. 2002ರಿಂದ 2007, 2017ರಿಂದ 2020, 2022ರಿಂದ 2024, ಹೀಗೆ ವರ್ಷಗಟ್ಟಲೆ ಬಾಗಿಲು ಮುಚ್ಚಿತ್ತು.

ಗೋಡೆಗಳು? ಶಾಂತಿ ಬಂದ ಮೇಲೆ ಹೆಚ್ಚಿದವು. ಉತ್ತರ ಬೆಲ್‌ಫಾಸ್ಟ್‌ನ ಅಲೆಕ್ಸಾಂಡ್ರಾ ಪಾರ್ಕ್ ಎಂಬ ಉದ್ಯಾನದ ನಟ್ಟನಡುವೆ ತಗಡಿನ ಗೋಡೆ ಎದ್ದದ್ದು 1994ರ ಸೆಪ್ಟೆಂಬರ್‌ನಲ್ಲಿ, ಐಆರ್‌ಎ ಕದನವಿರಾಮ ಸಾರಿದ ಬೆನ್ನಲ್ಲೇ. ಒಂದೇ ಹುಲ್ಲುಹಾಸು, ಒಂದೇ ಸಾಲು ಮರ, ನಡುವೆ ತಗಡು. ಮಕ್ಕಳು ಆ ಕಡೆ ಆಡುವವರ ಕೂಗು ಕೇಳಬಹುದು, ಮುಖ ನೋಡುವಂತಿಲ್ಲ. 2011ರಲ್ಲಿ ಅದಕ್ಕೊಂದು ಬಾಗಿಲು ಕೊರೆದರು. ಹಗಲು ಹೊತ್ತು ತೆರೆಯುತ್ತಾರೆ.

2001ರಲ್ಲಿ ಆರ್ಡೋಯ್ನ್‌ನ ಹೋಲಿ ಕ್ರಾಸ್ ಎಂಬ ಕ್ಯಾಥೊಲಿಕ್ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಗೆ ಹೋಗುವ ದಾರಿ ಪ್ರಾಟೆಸ್ಟೆಂಟರ ಬೀದಿಯ ಮೇಲೆ ಹಾದಿತ್ತು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ದಿನಾ ಬೆಳಿಗ್ಗೆ ಪೊಲೀಸರು ಗುರಾಣಿ ಹಿಡಿದು ಎರಡು ಸಾಲು ನಿಲ್ಲುತ್ತಿದ್ದರು. ನಡುವೆ ಅಪ್ಪ-ಅಮ್ಮಂದಿರ ಕೈ ಹಿಡಿದು ನಾಲ್ಕೈದು ವರ್ಷದ ಮಕ್ಕಳು. ಎರಡೂ ಬದಿಯಿಂದ ಬೈಗುಳ, ಸೀಟಿ, ಕಲ್ಲು. ಒಂದು ದಿನ ಬಾಂಬನ್ನೂ ಎಸೆದರು, ಪೊಲೀಸರಿಗೆ ಗಾಯವಾಯಿತು. ಬೈಯುತ್ತಿದ್ದವರಲ್ಲೂ ತಾಯಂದಿರಿದ್ದರು. ತಮ್ಮ ಬೀದಿ ದಿನೇ ದಿನೇ ಕರಗುತ್ತಿದೆ, ನಾಳೆ ತಮ್ಮ ಮಕ್ಕಳಿಗೆ ಇಲ್ಲಿ ಜಾಗ ಇರೋದಿಲ್ಲ ಎಂಬುದು ಅವರ ಅಳಲು. ಆ ಅಳಲು ಸುಳ್ಳಲ್ಲ. ಅದನ್ನು ನಾಲ್ಕು ವರ್ಷದ ಮಗುವಿನ ಮೇಲೆ ತೀರಿಸಿಕೊಳ್ಳುವಷ್ಟು ಕಣ್ಣು ಕಟ್ಟಿತ್ತಲ್ಲ, ಅದಕ್ಕೇನು ಹೇಳೋಣ?

ಶಾಲೆಯ ಗೆರೆಯನ್ನು ಮೊದಲು ದಾಟಿದ್ದು ಸರ್ಕಾರ ಅಲ್ಲ, ಕೆಲವು ಅಪ್ಪ-ಅಮ್ಮಂದಿರು. 1981ರಲ್ಲಿ ಬೆಲ್‌ಫಾಸ್ಟ್‌ನಲ್ಲಿ 28 ಮಕ್ಕಳೊಂದಿಗೆ ಲಗಾನ್ ಕಾಲೇಜ್ ಎಂಬ ಪ್ರೌಢಶಾಲೆ ಶುರು ಮಾಡಿದರು. ಎರಡೂ ಕಡೆಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸಬೇಕು ಎಂದೇ ಹುಟ್ಟಿದ ಮೊದಲ ಶಾಲೆ ಅದು. ಈಗ ಅಂಥ ಶಾಲೆಗಳು ಎಪ್ಪತ್ತರ ಆಸುಪಾಸು. ಆದರೂ ಒಟ್ಟು ಮಕ್ಕಳಲ್ಲಿ ಅಲ್ಲಿ ಓದುವವರು ನೂರಕ್ಕೆ ಏಳೆಂಟು ಅಷ್ಟೇ. ಸಮೀಕ್ಷೆ ಮಾಡಿದಾಗೆಲ್ಲ ಹೆಚ್ಚಿನವರು 'ಒಟ್ಟಿಗೆ ಓದಲಿ' ಅನ್ನುತ್ತಾರೆ. ಸೇರಿಸುವಾಗ ಮಾತ್ರ ಅಪ್ಪ ಓದಿದ ಶಾಲೆ, ಹತ್ತಿರದ ಶಾಲೆ. ಹತ್ತಿರದ್ದು ಅಂದರೆ ಒಂದೇ ಕಡೆಯವರ ಬೀದಿಯದ್ದು. ಸರ್ಕಾರಿ ವಸತಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಇನ್ನೂ ಬೇರೆ ಬೇರೆಯೇ.

ಅಷ್ಟೆಲ್ಲ ಲೆಕ್ಕ ಹಾಕಿ ಭದ್ರ ಮಾಡಿದ್ದ ಬಹುಮತದ ಗತಿ ಏನಾಯಿತು? 2021ರ ಜನಗಣತಿಯಲ್ಲಿ ಕ್ಯಾಥೊಲಿಕರು ಅಥವಾ ಆ ಹಿನ್ನೆಲೆಯವರು ನೂರಕ್ಕೆ 45.7. ಪ್ರಾಟೆಸ್ಟೆಂಟ್ ಮತ್ತು ಇತರ ಕ್ರೈಸ್ತ ಹಿನ್ನೆಲೆಯವರು 43.5. ಗೆರೆ ಎಳೆದು ಸರಿಯಾಗಿ ನೂರು ವರ್ಷಕ್ಕೆ ಲೆಕ್ಕ ತಿರುಗಿತು. ಯಾವ ಧರ್ಮವೂ ಇಲ್ಲ ಅಂದವರು ನೂರಕ್ಕೆ 17ಕ್ಕೂ ಹೆಚ್ಚು. ಗಣತಿ ಅವರನ್ನೂ ಬಿಡಲಿಲ್ಲ, 'ಹಾಗಾದರೆ ಯಾವ ಧರ್ಮದಲ್ಲಿ ಬೆಳೆದಿರಿ' ಅಂತ ಇನ್ನೊಂದು ಪ್ರಶ್ನೆ ಕೇಳಿತು.

ಅದೇ 2021ರ ಏಪ್ರಿಲ್‌ನಲ್ಲಿ ಶಾಂಕಿಲ್ ಮತ್ತು ಸ್ಪ್ರಿಂಗ್‌ಫೀಲ್ಡ್ ರಸ್ತೆಗಳ ನಡುವಿನ ಲನಾರ್ಕ್ ವೇ ಗೇಟಿನ ಬಳಿ ಗಲಭೆ ಎದ್ದಿತು. ಬ್ರೆಕ್ಸಿಟ್ ನಂತರ, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ, ಬ್ರಿಟನ್‌ನಿಂದ ಸಮುದ್ರ ದಾಟಿ ಉತ್ತರ ಐರ್ಲೆಂಡಿಗೆ ಬರುವ ಸರಕಿಗೆ ತಪಾಸಣೆ ಶುರುವಾಗಿತ್ತು. ಪ್ರಾಟೆಸ್ಟೆಂಟರಿಗೆ ಅದು ಇನ್ನೊಂದು ಗೆರೆ, ಈ ಸಲ ತಮ್ಮ ಬೆನ್ನ ಹಿಂದೆ. ಬಸ್ಸೊಂದಕ್ಕೆ ಬೆಂಕಿ ಬಿತ್ತು. ಗೇಟಿನ ಎರಡೂ ಕಡೆಯಿಂದ ಕಲ್ಲು, ಪೆಟ್ರೋಲ್ ಬಾಂಬು. ಎಸೆದವರಲ್ಲಿ ಎಷ್ಟೋ ಜನ ಹದಿಹರೆಯದ ಹುಡುಗರು, ಒಪ್ಪಂದದ ನಂತರ ಹುಟ್ಟಿದವರು.

2023ರೊಳಗೆ ಎಲ್ಲ ಗೋಡೆ ತೆಗೆಯುತ್ತೇವೆ ಅಂತ ಸರ್ಕಾರ 2013ರಲ್ಲಿ ಮಾತು ಕೊಟ್ಟಿತ್ತು. ಕೆಲವನ್ನು ತೆಗೆದರು. ವರ್ಷ ಕಳೆಯಿತು, ಹೆಚ್ಚಿನವು ನಿಂತೇ ಇವೆ. ಎಲ್ಲ ಸೇರಿಸಿದರೆ 30 ಕಿಲೋಮೀಟರಿಗೂ ಜಾಸ್ತಿ. ಪಕ್ಕದ ಮನೆಯವರನ್ನು ಕೇಳಿದರೆ ಬಹಳ ಜನ 'ಹೋಗಬೇಕು' ಅನ್ನುತ್ತಾರೆ. ಯಾವಾಗ ಅಂದರೆ, ಈಗಲೇ ಬೇಡ, ನಮ್ಮ ಮಕ್ಕಳ ಕಾಲಕ್ಕೆ. ರಾತ್ರಿ ನಿದ್ದೆ ಬರಬೇಕಾದವರು ಅವರು. ದೂರ ಕೂತು ಅವರನ್ನು ಹೇಡಿಗಳು ಅನ್ನೋದು ಸರಿಯಲ್ಲ.

ಲನಾರ್ಕ್ ವೇ ಗೇಟು ಹಗಲು ತೆರೆದಿರುತ್ತದೆ. ಕತ್ತಲಾದ ಮೇಲೆ ಮುಚ್ಚುತ್ತಾರೆ. ಆಮೇಲೆ ಆ ಕಡೆ ಹೋಗಬೇಕು ಅಂದರೆ ಸುತ್ತಿ ಬಳಸಿ ಹೋಗಬೇಕು. ಅಲ್ಲಿಂದ ಸ್ವಲ್ಪ ಮುಂದೆ ಕೂಪರ್ ವೇ ಉದ್ದಕ್ಕೂ ಪ್ರವಾಸಿಗಳ ಟ್ಯಾಕ್ಸಿ ಬಂದು ನಿಲ್ಲುತ್ತವೆ. ಡ್ರೈವರ್ ಮಾರ್ಕರ್ ಪೆನ್ ಕೊಡುತ್ತಾನೆ. ಬಂದವರು ಗೋಡೆಯ ಮೇಲೆ ತಮ್ಮ ಹೆಸರು, ಊರು, ಶಾಂತಿಯ ಬಗ್ಗೆ ಒಂದು ಸಾಲು ಬರೆದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಗೋಡೆಯ ಬೆನ್ನಿಗೇ ಬಾಂಬೆ ಸ್ಟ್ರೀಟ್‌ನ ಹಿತ್ತಿಲುಗಳು, ಜಾಲರಿಯ ಕೆಳಗೆ ಒಣಗಲು ಹಾಕಿದ ಬಟ್ಟೆ.